ಕಳಿಸುವ ಮುಂಚೆ ಒಂದು ಮಾತು

ಹೋದ ತಿಂಗಳು ಇಲ್ಲಿ ಜರ್ಮನಿಯಲ್ಲಿ, ಮಗಳ ಶಿಶುವಿಹಾರದಲ್ಲಿ ಒಂದು ಮಗುವಿನ ಹುಟ್ಟುಹಬ್ಬ ಇತ್ತು. ರಾತ್ರಿ ಆ ಮಗುವಿನ ತಾಯಿ ಮೆಸೇಜ್ ಮಾಡಿದರು. "ಈ ಫೋಟೋದಲ್ಲಿ ನಿಮ್ಮ ಮಗಳೂ ಇದ್ದಾಳೆ. ನಮ್ಮ ಅಮ್ಮನಿಗೆ ಕಳಿಸಬಹುದಾ?" ಇಷ್ಟಕ್ಕೂ ಕೇಳಬೇಕಾ ಅನ್ನಿಸಿತು.

ಅದೇ ವಾರ ನನ್ನ ಗಂಟಲಿನ ಸ್ಕ್ಯಾನ್ ರಿಪೋರ್ಟ್ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಬಂತು. ರಜೆಗೆ ಊರಿಗೆ ಹೋಗಿದ್ದಾಗ ಮಾಡಿಸಿದ್ದು. ನಾನು ಕಳಿಸಿದ್ದು ಅಕ್ಕನಿಗೆ ಮಾತ್ರ. ಅಕ್ಕ ಭಾವನಿಗೆ ಕಳಿಸಿದಳು, ಭಾವ ಗ್ರೂಪಿಗೆ ಹಾಕಿದರು. ಎದ್ದು ನೋಡಿದರೆ 62 ಮೆಸೇಜು. ಯಾವ ಕಷಾಯ ಕುಡಿಯಬೇಕು, ಯಾವ ದೇವರಿಗೆ ಹರಕೆ ಹೊರಬೇಕು, ಎಲ್ಲ ಇತ್ತು. ಅಮ್ಮನಿಗೆ ಮಾತ್ರ ನಾನಿನ್ನೂ ಹೇಳಿರಲಿಲ್ಲ. ಅವರಿಗೆ ವಿಷಯ ಗೊತ್ತಾಗಿದ್ದು ಅಲ್ಲೇ.

ನಾನಿರುವುದು ಲೈಪ್‌ಜಿಗ್‌ನಲ್ಲಿ. ಹಿಂದಿನ ಪೂರ್ವ ಜರ್ಮನಿಯ ಊರು. ಸ್ಟಾಸಿ ಎಂಬ ಗುಪ್ತ ಪೊಲೀಸರ ಕಚೇರಿ ಇಲ್ಲಿ ಈಗ ಮ್ಯೂಸಿಯಂ ಆಗಿದೆ. ಜನರ ಕಾಗದಗಳನ್ನು ಹಬೆಗೆ ಹಿಡಿದು ಬಿಚ್ಚಿ, ಓದಿ, ಮತ್ತೆ ಅಂಟಿಸಿ ಕಳಿಸುತ್ತಿದ್ದರು. ಸ್ಟಾಸಿ ತಮ್ಮ ಮೇಲೆ ಇಟ್ಟಿದ್ದ ಫೈಲನ್ನು 1992ರಿಂದ ಜನ ತಾವೇ ನೋಡಬಹುದಾಯಿತು. ನಮ್ಮ ಮೇಲಿನ ಮನೆಯ ಅಜ್ಜಿ ತಮ್ಮದನ್ನು ಓದಿದ್ದಾರೆ. "ತಂಗಿಗೆ ಬರೆದ ಸಾಲುಗಳು ಹಾಗೇ ಇದ್ದವು" ಅಂದರು. ಮುಂದೆ ಏನೂ ಹೇಳಲಿಲ್ಲ. ಟೀ ಕಪ್ಪನ್ನು ಸುಮ್ನೆ ತಿರುಗಿಸುತ್ತಾ ಕೂತರು.

ನಮ್ಮಲ್ಲಿ ಕಾಗದ ಅಂದರೆ ಇಡೀ ಮನೆಗೆ ಬಂದಿದ್ದು. ತಿಪಟೂರಿನ ಹತ್ತಿರ ನಮ್ಮಜ್ಜಿ ಮನೆಗೆ ಇನ್‌ಲ್ಯಾಂಡ್ ಲೆಟರ್ ಬಂದರೆ ಪೋಸ್ಟ್‌ಮ್ಯಾನೇ ಜಗಲಿ ಮೇಲೆ ಕೂತು ಓದಿ ಹೇಳುತ್ತಿದ್ದರು. ಕೇಳೋಕೆ ಅಕ್ಕಪಕ್ಕದವರೂ ಬರುತ್ತಿದ್ದರು. ಆ ಜಗಲಿಯಲ್ಲಿ ಹತ್ತು ಜನ ಕೂರಬಹುದಿತ್ತು. ಈಗಿನ ಗ್ರೂಪಿನಲ್ಲಿ 140 ಜನ. ಅರ್ಧ ಜನರ ಮುಖವನ್ನೇ ನಾನು ನೋಡಿಲ್ಲ. ಹೋದ ವರ್ಷ ಯಾತ್ರೆಗೆ ರೂಮ್ ಮಾಡಲು ಹಾಕಿದ ಎಲ್ಲರ ಆಧಾರ್ ಕಾರ್ಡೂ ಅಲ್ಲೇ ಬಿದ್ದಿವೆ. ಎರಡೂ ಬದಿ.

ವಾಟ್ಸಾಪ್ 2016ರಲ್ಲೇ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ತಂದಿತು. ಮೆಸೇಜಿಗೆ ಕಳಿಸಿದವರ ಫೋನಿನಲ್ಲೇ ಬೀಗ ಬೀಳುತ್ತದೆ, ಪಡೆದವರ ಫೋನಿನಲ್ಲಷ್ಟೇ ತೆರೆಯುತ್ತದೆ. ನಡುವೆ ಕಂಪನಿಗೂ ಓದೋಕೆ ಆಗದು. ಆದರೆ ಪಡೆದವರೇ ಫಾರ್ವರ್ಡ್ ಒತ್ತಿದರೆ ಆ ಬೀಗ ಏನು ಮಾಡೀತು?

ಖಾಸಗಿತನದ ಕೇಸು ಹಾಕಿದವರೂ ನಮ್ಮವರೇ ಅಲ್ವಾ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. 2012ರಲ್ಲಿ ಆಧಾರ್ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಆ ತೀರ್ಪು ಸರ್ಕಾರವನ್ನು ಕಟ್ಟಿಹಾಕಬಹುದು. ಮನೆಯವರಿಗೆ ಯಾರು ಹೇಳಬೇಕು?

ಒಂದು ಮಾತು ಮಾತ್ರ ಒಪ್ಪಲೇಬೇಕು. ಅಪ್ಪನಿಗೆ ಒಮ್ಮೆ ನಡುರಾತ್ರಿ ರಕ್ತ ಬೇಕಾಯಿತು. ಅಪ್ಪನ ಹೆಸರು, ವಾರ್ಡು, ತಮ್ಮನ ನಂಬರು, ಎಲ್ಲ ಅದೇ ಗ್ರೂಪಿನಿಂದ ಊರೆಲ್ಲ ಹೋಯಿತು. ಯಾರೂ ಯಾರನ್ನೂ ಕೇಳಲಿಲ್ಲ. ಗಂಟೆಯೊಳಗೆ ಮೂವರು ಬಂದು ರಕ್ತ ಕೊಟ್ಟರು. ಇಲ್ಲಿ ಮೇಲಿನ ಮನೆ ಅಜ್ಜಿ ನಾಲ್ಕು ದಿನ ಜ್ವರದಲ್ಲಿ ಮಲಗಿದ್ದು ಕೆಳಗಿದ್ದ ನಮಗೆ ಗೊತ್ತೇ ಆಗಲಿಲ್ಲ.

ನಿನ್ನೆ ಭಾವನಿಗೆ ಫೋನ್ ಮಾಡಿ, ಆ ರಿಪೋರ್ಟ್ ತೆಗೆದುಬಿಡಿ ಭಾವ ಅಂದೆ. "ನಿನ್ನ ಒಳ್ಳೇದಕ್ಕೇ ಹಾಕಿದ್ದು ಕಣೋ" ಅಂದರು. ಅದು ನನಗೂ ಗೊತ್ತು. ಮುಂದಿನ ಸಲ ಒಂದು ಮಾತು ಕೇಳಿ ಅಂದೆ. ಆಯ್ತು ಅಂದರು. ಆಮೇಲೆ ಅವರೇ ಮತ್ತೆ ಫೋನ್ ಮಾಡಿದರು. ತುಂಬ ದಿನ ಆಗಿದ್ದರಿಂದ ಎಲ್ಲರ ಫೋನಿನಿಂದ ಅಳಿಸೋಕೆ ಬರುತ್ತಿಲ್ಲವಂತೆ.