ಮಿಲ್ಟನ್ನನ ‘ಪಾಪ’ ಮತ್ತು ಯಾಕೋಬನ ಪತ್ರಿಕೆ

1667ರಲ್ಲಿ ಪ್ರಕಟವಾದ ಇಂಗ್ಲಿಷ್ ಕವಿ ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯದ ‘ಪಾಪ’ ಎಂಬ ಹೆಣ್ಣು ಪಾತ್ರವನ್ನು, ಅದರ ಬಗ್ಗೆ ನಾನು ಓದಿದ ಲೇಖನವೊಂದರ ಲೇಖಕರು ಗ್ರೀಕ್ ಪುರಾಣದ ಕಡಲ ರಾಕ್ಷಸಿ ಸ್ಕಿಲ್ಲಾಳ ಅನುಕರಣೆ ಎಂದಷ್ಟೇ ಹೇಳಿ ಮುಂದೆ ಸಾಗಿದ್ದಾರೆ. ಸೊಂಟದವರೆಗೆ ಸುಂದರ ಹೆಣ್ಣು, ಕೆಳಗೆ ಸುರುಳಿ ಸುತ್ತಿದ ಸರ್ಪ, ಸುತ್ತ ಬೊಗಳುವ ನಾಯಿಗಳು ಎಂಬ ಹೊರರೂಪದ ಮಟ್ಟಿಗೆ ಅದು ಸರಿಯೇ. ಆದರೆ ಈ ರೂಪಕದ ಬೆನ್ನೆಲುಬು ಇರುವುದು ಬೈಬಲ್ಲಿನ ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆಯಲ್ಲಿ. ದುರಾಶೆ ಬಸಿರಾಗಿ ಪಾಪವನ್ನು ಹೆರುತ್ತದೆ, ಪಾಪ ಬಲಿತು ಮರಣವನ್ನು ಹೆರುತ್ತದೆ ಎಂಬ ಅಲ್ಲಿನ ಮಾತನ್ನು (1:15) ಕವಿ ಒಂದು ಕುಟುಂಬದ ವಂಶಾವಳಿಯನ್ನಾಗಿಯೇ ಮಾಡಿಬಿಡುತ್ತಾನೆ. ದೇವರ ವಿರುದ್ಧ ದಂಗೆಯ ಸಂಚು ನಡೆಯುತ್ತಿರುವಾಗಲೇ ಸೈತಾನನ ತಲೆಯ ಎಡಭಾಗ ಬಿರಿದು ಪಾಪ ಹುಟ್ಟುತ್ತಾಳೆ; ತಂದೆಯಿಂದಲೇ ಬಸಿರಾಗಿ ‘ಮರಣ’ನನ್ನು ಹೆರುತ್ತಾಳೆ; ಆ ಮಗ ತಾಯಿಯ ಮೇಲೆಯೇ ನಡೆಸಿದ ಬಲಾತ್ಕಾರದಿಂದ ಹುಟ್ಟಿದ ನಾಯಿಗಳು, ಯಾರಾದರೂ ಕೆಣಕಿದರೆ, ಅವಳ ಗರ್ಭದೊಳಕ್ಕೇ ನುಸುಳಿ ಅಲ್ಲಿಂದಲೇ ಊಳಿಡುತ್ತವೆ. ಓದುವಾಗ ಅಸಹ್ಯವೆನಿಸುವುದು ನಿಜ, ಅದೇ ಕವಿಗೆ ಬೇಕಾಗಿದ್ದದ್ದು ಕೂಡ. ಮಹಾಕಾವ್ಯದಲ್ಲಿ ಇಂಥ ಸಾಂಕೇತಿಕ ಪಾತ್ರಗಳು ಸಲ್ಲವೆಂದು ಇಂಗ್ಲಿಷ್ ಪ್ರಬಂಧಕಾರ ಅಡಿಸನ್ ಮುಂದೆ ಆಕ್ಷೇಪಿಸಿದ್ದು ನನಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ನರಕದ ಬಾಗಿಲಿನ ಕೀಲಿಕೈ ಈ ಪಾಪಳ ಬಳಿಯೇ ಇದೆ. ಸೈತಾನನಿಗಾಗಿ ಬಾಗಿಲು ತೆರೆದ ಇವಳಿಗೆ ಅದನ್ನು ಮತ್ತೆ ಮುಚ್ಚುವ ಶಕ್ತಿ ಮಾತ್ರ ಇಲ್ಲ ಎನ್ನುವಲ್ಲಿ, ಪಾಪದಿಂದ ಬಿಡುಗಡೆ ದೇವರ ಕೃಪೆಯಿಂದಲ್ಲದೆ ಸ್ವಂತ ಪ್ರಯತ್ನದಿಂದ ಆಗದು ಎಂಬ ಪ್ರಾಟೆಸ್ಟೆಂಟ್ ಕ್ರೈಸ್ತ ಪಂಥದ ನಿಲುವಿನ ನೆರಳು ನನಗೆ ಕಾಣುತ್ತದೆ.