ಒಂಬತ್ತು ವಾಟಿನ ಜಿಪುಣತನ

ವಿದ್ಯುತ್ತಿನ ಬಗ್ಗೆ ಅಭಿಪ್ರಾಯವೇ ಇಲ್ಲದ ಮನುಷ್ಯನನ್ನು ನಮ್ಮ ಮನೆಗಳಲ್ಲಿ ಹುಡುಕುವುದು ಕಷ್ಟ. ಕ್ರಿಕೆಟ್ಟು, ರಾಜಕಾರಣಗಳ ಮಾತು ಬಂದಾಗ ತೆಪ್ಪಗೆ ಕೂರಬಲ್ಲವರೂ ಯಾರೂ ಇಲ್ಲದ ಕೋಣೆಯಲ್ಲಿ ಲೈಟು ಉರಿಯುತ್ತಿರುವುದನ್ನು ಕಂಡರೆ ಸುಮ್ಮನಿರಲಾರರು. “ಕರೆಂಟೇನು ಪುಕ್ಕಟೆ ಬರುತ್ತದೆಯೇ?” ಎಂಬ ಪ್ರಶ್ನೆ ತಲೆಮಾರುಗಳಿಂದ ನಡೆದುಬಂದದ್ದು, 2023ರಲ್ಲಿ ಗೃಹಜ್ಯೋತಿ ಬಂದು, ಹೌದು, ಒಂದು ಮಿತಿಯೊಳಗೆ ಪುಕ್ಕಟೆಯೇ ಬರುತ್ತದೆ ಎಂಬ ಉತ್ತರ ಸರ್ಕಾರದಿಂದಲೇ ದೊರೆತ ಮೇಲೂ ಅದು ನಿಂತಿಲ್ಲ. ತಿಂಗಳಿಗೆ 200 ಯೂನಿಟ್ಟಿನ ಗೆರೆ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕೆಂಬ ನಿಯಮದಿಂದ ಆ ಪ್ರಶ್ನೆಗೆ ಹೊಸ ಬಲವೇ ಬಂದಂತಾಗಿದೆ.

ಹಿರಿಯರ ಈ ಸಿಟ್ಟಿಗೆ ಒಂದು ಕಾಲದಲ್ಲಿ ಗಟ್ಟಿ ಆಧಾರವಿತ್ತು. 60 ವಾಟಿನ ಹಳದಿ ಬಲ್ಬು ಹದಿನಾರು ಹದಿನೇಳು ಗಂಟೆ ಉರಿದರೆ ಒಂದು ಯೂನಿಟ್ ತೀರಿಹೋಗುತ್ತಿತ್ತು, ಅದರಲ್ಲೂ ಹೆಚ್ಚಿನ ಪಾಲು ಬೆಳಕಾಗದೆ ಬರಿಯ ಶಾಖವಾಗಿ. ಅದೇ ಜಾಗದಲ್ಲಿ ಇಂದು ನೇತಾಡುತ್ತಿರುವ 9 ವಾಟಿನ ಎಲ್‌ಇಡಿ ಬಲ್ಬು ಒಂದು ಯೂನಿಟ್ ಮುಗಿಸಲು ನೂರು ಗಂಟೆಗೂ ಹೆಚ್ಚು ಹೊತ್ತು ಉರಿಯಬೇಕು. ಬಲ್ಬು ಬದಲಾಯಿತು, ಗದರಿಕೆಯ ವಾಟು ಮಾತ್ರ 60ರಲ್ಲೇ ಉಳಿಯಿತು. ಫ್ಯಾನಿನದೂ ಇದೇ ಕಥೆ: ಗೋಡೆಯ ಮೇಲೆ ದಪ್ಪ ಡಬ್ಬಿಯಂತೆ ಕೂತಿದ್ದ ಹಳೆಯ ರೆಗ್ಯುಲೇಟರು ವೇಗ ತಗ್ಗಿಸಿದಾಗ ಉಳಿದ ಕರೆಂಟನ್ನು ತನ್ನೊಳಗೇ ಶಾಖವಾಗಿ ಕಳೆಯುತ್ತಿತ್ತು, ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಆಗ ಹುಟ್ಟಿದ “ಎಷ್ಟರಲ್ಲಿಟ್ಟರೂ ಅಷ್ಟೇ ಕರೆಂಟು” ಎಂಬ ಮಾತನ್ನು, ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ನಿಜವಾಗಿಯೂ ಉಳಿತಾಯವಾಗುವ ಈ ಕಾಲದಲ್ಲೂ ಅನುಭವಿಗಳು ನಂಬಿಕೊಂಡಿದ್ದಾರೆ.

ಸಂಶಯವಿದ್ದವರು ಮೀಟರಿನ ಮುಂದೆ ಐದು ನಿಮಿಷ ನಿಲ್ಲಬಹುದು. ಅದರ ಮುಖದ ಮೇಲೆ ಕೆಂಪು ದೀಪವೊಂದು ಮಿಣುಕುತ್ತಿರುತ್ತದೆ; ಎಷ್ಟು ಬಾರಿ ಮಿಣುಕಿದರೆ ಒಂದು ಯೂನಿಟ್ ಎಂಬುದನ್ನೂ ಅಲ್ಲೇ ಸಣ್ಣ ಅಕ್ಷರದಲ್ಲಿ ಅಚ್ಚುಹಾಕಿರುತ್ತಾರೆ. ನಮ್ಮ ಮೀಟರಿನಲ್ಲಿ ಅದು 3200. ಫ್ರಿಜ್ಜೂ ಸೇರಿ ಎಲ್ಲವನ್ನೂ ಆರಿಸಿ ಒಂದೇ ಒಂದು ಎಲ್‌ಇಡಿ ಬಲ್ಬನ್ನು ಉರಿಸಿದರೆ ಆ ದೀಪ ಎರಡು ನಿಮಿಷಕ್ಕೊಮ್ಮೆ, ಸೋಮಾರಿಯಾಗಿ, ಕಣ್ಣು ಬಿಡುತ್ತದೆ. 2000 ವಾಟಿನ ಗೀಸರಿನ ಸ್ವಿಚ್ಚು ಒತ್ತಿದ ಕ್ಷಣದಿಂದ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಸಲ ಪಟಪಟನೆ ಬಡಿದುಕೊಳ್ಳುತ್ತದೆ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು 0.6 ಯೂನಿಟ್ಟಿನಷ್ಟು ಬೇಕು. ಅಷ್ಟರಲ್ಲಿ ನಾವು ಜಗಳವಾಡುವ ಆ ಬಲ್ಬು ಎರಡೂವರೆ ದಿನಕ್ಕೂ ಮಿಕ್ಕಿ ಹಗಲುರಾತ್ರಿ ಉರಿಯುತ್ತದೆ.

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಮನೆಯಿಂದಲೇ ಕೆಲಸ ಮಾಡುವವರು ಹೆಚ್ಚಾದ ಮೇಲೆ ಅಲ್ಲಿ ಹಗಲು ಹೊತ್ತಿನಲ್ಲೂ ಚರ್ಚೆ. ಗೀಸರನ್ನು ದಿನವಿಡೀ ಹಾಕಿಟ್ಟರೇ ಉಳಿತಾಯವೆಂದು ಒಬ್ಬರು ವಾದಿಸುತ್ತಾರೆ. ಬಿಸಿನೀರಿನ ಟ್ಯಾಂಕು ಸುಮ್ಮನಿದ್ದರೂ ಶಾಖ ಕಳೆದುಕೊಳ್ಳುತ್ತದೆ, ಥರ್ಮೋಸ್ಟಾಟು ಮತ್ತೆ ಮತ್ತೆ ಅದನ್ನು ಕಾಯಿಸುತ್ತಿರುತ್ತದೆ ಎಂದರೆ ಕೈಮುಗಿದ ಇಮೋಜಿಯೊಂದು ಬರುತ್ತದೆ. ಮೊಬೈಲ್ ಚಾರ್ಜರನ್ನು ಗೋಡೆಯಲ್ಲೇ ಬಿಡುವವರ ಮೇಲೆ ಅಲ್ಲಿ ದೊಡ್ಡ ದೂರಿದೆ, ಒಂದು ಯೂನಿಟ್ಟಿನಲ್ಲಿ ಮೊಬೈಲನ್ನು ಮೂವತ್ತು ನಲವತ್ತು ಸಲ ಪೂರ್ತಿ ಚಾರ್ಜು ಮಾಡಬಹುದಾದರೂ. ಎಸಿಯನ್ನು 18ಕ್ಕಿಟ್ಟು ಹೊದ್ದು ಮಲಗುವವರ ವಿಷಯವನ್ನು ಯಾರೂ ಎತ್ತುವುದಿಲ್ಲ. ಎತ್ತಬೇಕಾದವರೂ ಹೊದ್ದು ಮಲಗಿರುತ್ತಾರೇನೋ.

ಈ ಅಂಕಿಗಳನ್ನೆಲ್ಲ ಒಮ್ಮೆ ನಮ್ಮ ಅತ್ತೆಯವರ ಮುಂದಿಟ್ಟೆ. ಅವರು ಕಾಫಿ ಲೋಟ ಕೆಳಗಿಡದೆಯೇ ಕೇಳಿಸಿಕೊಂಡು, “ಸ್ನಾನಕ್ಕೆ ಬಿಸಿನೀರು ಬೇಕಪ್ಪಾ. ಖಾಲಿ ರೂಮಿಗೆ ಬೆಳಕು ಯಾಕೆ ಬೇಕು?” ಎಂದರು. ಅವರು ಅಳೆಯುತ್ತಿದ್ದದ್ದು ಯೂನಿಟ್ಟನ್ನಲ್ಲ, ಅಗತ್ಯವನ್ನು. ಆ ಅಳತೆಯಲ್ಲಿ ಒಂಬತ್ತು ವಾಟೂ ದಂಡವೇ. ಆದರೆ ಸ್ನಾನ ಮುಗಿದ ಮೇಲೂ ಮಧ್ಯಾಹ್ನದವರೆಗೆ ಕಾಯುವ ಗೀಸರು ಯಾರ ಅಗತ್ಯ ಎಂದು ಕೇಳಿದಾಗ ಲೋಟ ಕೆಳಗಿಳಿಯಿತು. ಅಂದಿನಿಂದ ಗೀಸರಿನ ಸ್ವಿಚ್ಚಿನ ಉಸ್ತುವಾರಿಯೂ ಅವರದೇ ಆಗಿದೆ. ಬಚ್ಚಲಿನಲ್ಲಿ ಸ್ವಲ್ಪ ತಡವಾದರೂ ಹೊರಗಿನಿಂದ ಸ್ವಿಚ್ಚಿನ ಟಕ್ ಸದ್ದು ಕೇಳುತ್ತದೆ, ಮೈತುಂಬ ಸೋಪು ಹಚ್ಚಿಕೊಂಡವರು ಯಾರೆಂದು ಅವರು ವಿಚಾರಿಸುವುದಿಲ್ಲ.