ಪಾರಿವಾಳ ನನ್ನದು, ಮಾಳಿಗೆ ಅಜ್ಜಿಯದು

"ಹಕ್ಕಿ ತಾನಾಗೇ ಹಾರ್ತದಲ್ರೀ, ಅದಕ್ಕ ನೀವೇನು ವ್ಯಾಯಾಮ ಮಾಡ್ಸೋದು?" ಅಂತ ಆಫೀಸಿನಲ್ಲಿ ಕೇಳುತ್ತಾರೆ. ಕೇಳುವವರಿಗೆಲ್ಲ ಎರಡೆರಡು ಕಾಲಿವೆ. ಉಣಕಲ್ ಕೆರೆ ಸುತ್ತ ಒಬ್ಬರಾದರೂ ವಾಕಿಂಗ್ ಹೋಗಿದ್ದನ್ನು ನಾನು ಕಂಡಿಲ್ಲ. ಪಾರಿವಾಳಕ್ಕೆ ಮಾತ್ರ ರೆಕ್ಕೆ ಇದ್ದರೆ ಸಾಕು, ಹಾರಿಬಿಡಬೇಕು!

ಹಳೇ ಹುಬ್ಬಳ್ಳಿಯ ನಮ್ಮ ಮನೆ ಮಾಳಿಗೆ ಮೇಲೆ ನಾನು ಹೋಮರ್ ಪಾರಿವಾಳ ಸಾಕಿದ್ದೇನೆ. ಗುಡಿ ಗೋಪುರದಲ್ಲಿ ಕೂತು ಹಿಕ್ಕೆ ಹಾಕುವ ಪೈಕಿ ಅಲ್ಲ. ದೂರ ಒಯ್ದು ಬಿಟ್ಟರೆ ದಾರಿ ಹುಡುಕಿಕೊಂಡು, ಬಸ್ಸಿಗಿಂತ ಮೊದಲು ಮನೆ ಸೇರುವ ರೇಸಿನ ಹಕ್ಕಿ. ಪದ್ಧತಿ ಪ್ರಕಾರ ಬೆಳಿಗ್ಗೆ ಗೂಡು ತೆಗೆದರೆ ಗುಂಪು ಒಂದು ತಾಸು ಎಲ್ಲೂ ಕೂರದೆ ಹಾರಬೇಕು. ನೃಪತುಂಗ ಬೆಟ್ಟದ ಕಡೆ ಕಣ್ಮರೆಯಾಗಬೇಕು, ಬರಬೇಕು, ಮತ್ತೆ ಹೋಗಬೇಕು. ನಮ್ಮವು ಇವತ್ತು ಬೆಳಿಗ್ಗೆ ಎರಡು ಸುತ್ತು ಹಾಕಿದವು. ಎರಡನೆಯದೂ ಪೂರ್ತಿ ಅಲ್ಲ. ಅರ್ಧಕ್ಕೇ ರೆಕ್ಕೆ ಮಡಚಿ ಇಳಿದವು. ಇಳಿದದ್ದು ನನ್ನ ಮಾಳಿಗೆಗಲ್ಲ, ಪಕ್ಕದ ಮನೆ ಅಜ್ಜಿಯ ಮಾಳಿಗೆಗೆ.

ಅಜ್ಜಿ ಚುರಮುರಿ ಡಬ್ಬಿ ಹಿಡಿದು ನಿಂತಿದ್ದರು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಪಾರಿವಾಳವನ್ನು ಹುರಿದುಂಬಿಸುವ ವಿದ್ಯೆ ನಿಂತಿರುವುದೇ ಹಸಿವಿನ ಮೇಲೆ. ಉಪವಾಸ ಕೆಡವಬೇಕು ಅಂತಲ್ಲ. ಇದನ್ನು ಅಜ್ಜಿಗೆ ಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆ. ಒಂದು ಹಕ್ಕಿಗೆ ದಿನಕ್ಕೆ ಸುಮಾರು 30 ಗ್ರಾಂ ಕಾಳು ಸಾಕು. ಅದನ್ನು ಹಾರುವ ಮೊದಲು ಕೊಡಬಾರದು, ಹಾರಿ ಬಂದ ಮೇಲೆ ಕೊಡಬೇಕು. ತಗಡಿನ ಡಬ್ಬಿಯಲ್ಲಿ ಕಾಳು ಗಲಗಲ ಅಂದರೆ ಎಲ್ಲಿದ್ದರೂ ಬಂದು ಗೂಡಿಗೆ ನುಗ್ಗಬೇಕು. ವಾರದ ಶುರುವಿನಲ್ಲಿ ಬಾರ್ಲಿ ಜಾಸ್ತಿ, ಮೈ ಹಗುರ ಇರಲಿ ಅಂತ. ರೇಸು ಹತ್ತಿರ ಬಂದ ಹಾಗೆ ಗೋವಿನಜೋಳ, ಕುಸುಬಿ, ಕೊನೆಗೆ ನಾಲ್ಕು ಶೇಂಗಾ. ದೂರ ಹಾರುವಾಗ ಉರಿಯುವುದು ಮೈಯೊಳಗಿನ ಕೊಬ್ಬು. ಅದನ್ನು ಕೊನೆಯ ಎರಡು ಮೂರು ದಿನದಲ್ಲಿ ತುಂಬಬೇಕು, ವರ್ಷಪೂರ್ತಿ ಹೊರಿಸಬಾರದು.

ಬಾರ್ಲಿಗೆ ಇನ್ನೊಂದು ಉಪಯೋಗವಿದೆ. ಪಾರಿವಾಳಕ್ಕೆ ಬಾರ್ಲಿ ಅಂದರೆ ಅಷ್ಟಕ್ಕಷ್ಟೆ. ಮಿಕ್ಕಿದ್ದೆಲ್ಲ ಖಾಲಿಯಾದ ಮೇಲೆ ಅದಕ್ಕೆ ಬಾಯಿ ಹಾಕುತ್ತದೆ. ಬಾರ್ಲಿ ಬಿಟ್ಟಿತು ಅಂದರೆ ಹೊಟ್ಟೆ ತುಂಬಿತು, ಬಟ್ಟಲು ಎತ್ತಬಹುದು. ನಮ್ಮ ಹಕ್ಕಿಗಳು ಬಟ್ಟಲು ಇಟ್ಟ ಕೂಡಲೇ ಬಾರ್ಲಿ ಬಿಡತೊಡಗಿದವು. ಸರದಾರ ಅಂತ ನನ್ನದೊಂದು ಗಂಡು ಇದೆ, ಅದು ಒಂದೊಂದೇ ಕಾಳನ್ನು ಕೊಕ್ಕಿನಲ್ಲಿ ಎತ್ತಿ ನನ್ನ ಕಡೆಗೇ ಎಸೆಯಿತು. ಕಾಯಿಲೆ ಇರಬೇಕು ಅಂತ ಡಾಕ್ಟರ ಹತ್ತಿರ ಒಯ್ಯಲು ಬುಟ್ಟಿಗೆ ಹಾಕಿದೆ. ಆಗ ಅದರ ಕೊಕ್ಕಿನ ಬುಡದಲ್ಲಿ ಒಂದು ಚೂರು ಚುರಮುರಿ ಅಂಟಿದ್ದು ಕಂಡಿತು. ಅರಿಶಿಣ ಹಚ್ಚಿದ್ದು. ಒಗ್ಗರಣೆಯದು!

"ಅಜ್ಜೀ, ಇವಕ್ಕ ಏನೂ ಹಾಕಬ್ಯಾಡ್ರಿ. ರೇಸಿನ ಹಕ್ಕಿ ಇವು."

"ರೇಸಿಂದಾದ್ರ ಹೊಟ್ಟಿ ಇರೂದಿಲ್ಲೇನು?"

"ತಿಂದ್ರ ಹಾರೂದಿಲ್ರಿ."

"ನೀ ತಿಂದು ಆಫೀಸಿಗೆ ಹೋಗ್ತೀಯೋ, ತಿನ್ನದ ಹೋಗ್ತೀಯೋ?"

ಈ ಪ್ರಶ್ನೆಗೆ ಉತ್ತರ ಇಲ್ಲ. ದೊಡ್ಡ ಲೆಕ್ಕ ಹೇಳಿ ಹೆದರಿಸೋಣ ಅಂತ, 2020ರಲ್ಲಿ ಬೆಲ್ಜಿಯಂನ ನ್ಯೂ ಕಿಮ್ ಅನ್ನುವ ಹೆಣ್ಣು ಪಾರಿವಾಳ ಹರಾಜಿನಲ್ಲಿ 16 ಲಕ್ಷ ಯೂರೋಗೆ ಹೋದ ಕತೆ ಹೇಳಿದೆ. ಆಗಿನ ಲೆಕ್ಕಕ್ಕೆ ನಮ್ಮ ಸುಮಾರು 14 ಕೋಟಿ ರೂಪಾಯಿ. ಅಷ್ಟು ಬೆಲೆಯ ಹಕ್ಕಿಗಳಿಗೆ ಹೀಗೆಲ್ಲ ಯಾರೂ ಕಂಡಕಂಡದ್ದು ತಿನ್ನಿಸುವುದಿಲ್ಲ ಅಂತ ಒತ್ತಿ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹದಿನಾಕು ಕೋಟಿ ಕೊಟ್ಟಾವ ಚುರಮುರಿ ಹಾಕಾಕ ಅಳತಾನೇನು?" ಅಂದರು.

ಕೋಲಿಗೆ ಕೆಂಪು ಬಟ್ಟೆ ಕಟ್ಟಿ ಬೀಸುವುದು ಇನ್ನೊಂದು ಉಪಾಯ. ಹಕ್ಕಿ ಕೂರಲು ಬಂದಾಗಲೆಲ್ಲ ಬೀಸಿ ಎಬ್ಬಿಸಬೇಕು. ನನಗೆ ಕೇಳಿದರೆ ಇದು ದಂಡದ ಕೆಲಸ. ಮನೆಗೆ ಓಡೋಡಿ ಬರಲಿ ಅಂತ ಸಾಕುವ ಹಕ್ಕಿಗೆ ಮನೆಯನ್ನೇ ಕಂಡರೆ ಹೆದರುವ ಹಾಗೆ ಮಾಡುವುದು ಯಾವ ಜಾಣತನ? ಪ್ಯಾರಿಸ್‌ನಲ್ಲಿ ಯಾರೂ ಸಾಕದ ಬೀದಿ ಪಾರಿವಾಳಗಳ ಮೇಲೆ ಒಂದು ಪರೀಕ್ಷೆ ಮಾಡಿದ್ದರು, 2011ರಲ್ಲಿ ಅದರ ಸುದ್ದಿ ಬಂದಿತ್ತು. ಇಬ್ಬರು ಬಂದು ಕಾಳು ಹಾಕಿದರು. ಒಬ್ಬರು ಸುಮ್ಮನಿದ್ದರು, ಇನ್ನೊಬ್ಬರು ಅಟ್ಟಿಸಿದರು. ಆಮೇಲೆ ಇಬ್ಬರೂ ಕೋಟು ಅದಲುಬದಲು ಮಾಡಿಕೊಂಡು ಬಂದರೂ, ಅಟ್ಟಿಸಿದವರು ಯಾರು ಅಂತ ಪಾರಿವಾಳಗಳು ಗುರುತು ಹಿಡಿದವಂತೆ. ಕೋಲಿನವನು ಯಾರು, ಡಬ್ಬಿಯವರು ಯಾರು ಅಂತ ತಿಳಿಯಲು ನಮ್ಮವಕ್ಕೆ ಕೋಟು ಗೀಟು ಏನೂ ಬೇಕಾಗಲಿಲ್ಲ.

ಹಸಿವು ಕೈಕೊಟ್ಟರೆ ಉಳಿಯುವುದು ಸಂಸಾರ. ಬೆಲ್ಜಿಯಂನವರು ಈ ವಿಷಯದಲ್ಲಿ ಭಾರಿ ಪಳಗಿದ್ದಾರೆ. ಗಂಡು ಹೆಣ್ಣನ್ನು ವಾರವಿಡೀ ಬೇರೆ ಬೇರೆ ಇಡುತ್ತಾರೆ. ರೇಸಿಗೆ ಬುಟ್ಟಿ ತುಂಬುವ ಮುಂಚೆ ಸ್ವಲ್ಪ ಹೊತ್ತು ಮುಖ ತೋರಿಸುತ್ತಾರೆ, ಅಷ್ಟೇ. ಗಂಡು ಹೆಂಡತಿಯ ನೆನಪಲ್ಲಿ ದಾರಿಯಲ್ಲಿ ಎಲ್ಲೂ ಇಳಿಯದೆ ಬರುತ್ತದೆ. ಇನ್ನು ಕೆಲವರು ಗೂಡಿನ ಹತ್ತಿರ ಪರಗಂಡೊಂದನ್ನು ಬಿಟ್ಟು ಹೊಟ್ಟೆಕಿಚ್ಚು ಹಚ್ಚುತ್ತಾರೆ. ನಾನು ಅಷ್ಟು ದೂರ ಹೋಗಲಿಲ್ಲ. ಸರದಾರನ ಗೂಡಿಗೆ ನಡುವೆ ಒಂದು ಹಲಗೆ ಹಾಕಿದೆ, ಅಷ್ಟಕ್ಕೇ ಅಜ್ಜಿ ನಮ್ಮ ಮನೆಗೆ ಬಂದು ನನ್ನ ಹೆಂಡತಿಯ ಮುಂದೆ ಕೂತರು. "ಗಂಡ ಹೆಂಡ್ತೀನ ಅಗಲ್ಸೂದು ಚಲೋ ಅಲ್ಲ ತಂಗಿ, ನಿನ್ನ ಗಂಡಗ ಹೇಳು" ಅಂದರು. ಮರುದಿನ ಹಲಗೆ ಇರಲಿಲ್ಲ. ಎಲ್ಲಿ ಹೋಯಿತು ಅಂತ ಇವಳನ್ನು ಕೇಳಿದರೆ, ಉಪ್ಪಿನಕಾಯಿ ಭರಣಿಗೆ ಮುಚ್ಚಳ ಬೇಕಾಗಿತ್ತಂತೆ.

ಮೊಟ್ಟೆಯ ಮೇಲೆ ಕೂತ ಹಕ್ಕಿ ಕೂಡ ಜೋರಾಗಿ ಬರುತ್ತದೆ. ಮರಿಯಾಗಲು 17–18 ದಿನ. ಹಗಲು ಗಂಡು, ರಾತ್ರಿ ಹೆಣ್ಣು ಪಾಳಿ ಹಂಚಿಕೊಂಡು ಕಾವು ಕೊಡುತ್ತವೆ. ಮರಿಗೆ ಹಾಲಿನಂಥದ್ದೊಂದು ಎರಡರ ಗಂಟಲ ಚೀಲದಲ್ಲೂ ಬರುತ್ತದೆ, ಅಪ್ಪನಿಗೂ ರಜೆ ಇಲ್ಲ. ಮೊಟ್ಟೆ ಮರಿಯಾಗುವ ಹೊತ್ತಿಗೆ ಬುಟ್ಟಿಗೆ ಹಾಕಿ ರೇಸಿಗೆ ಅಂತ ಕೊಪ್ಪಳಕ್ಕೆ ಒಯ್ದರೆ, ಹೆದರಿ ಹಾರಿ ಬರುತ್ತದೆ. ಈ ಯೋಚನೆಯನ್ನು ಅಜ್ಜಿಯ ಮುಂದೆ ಬಾಯಿಬಿಟ್ಟೆ. "ಬಾಣಂತೀನ ಕೊಪ್ಪಳಕ್ಕ ಒಯ್ತೀ?" ಅಂದರು. ಓಣಿಗೆಲ್ಲ ಕೇಳಿಸಿತು. ಎದುರಿನ ಕಿರಾಣಿ ಅಂಗಡಿಯವನು ನನ್ನನ್ನು ಈಗಲೂ ಒಂಥರಾ ನೋಡುತ್ತಾನೆ.

ತರಬೇತಿಯ ಕತೆ ಜಾಸ್ತಿ ಇಲ್ಲ. ಬುಟ್ಟಿ ಬೈಕಿಗೆ ಕಟ್ಟಿ ಭಂಡಿವಾಡ, ಅಣ್ಣಿಗೇರಿ, ಹುಲಕೋಟಿ, ಗದಗ ಅಂತ ದೂರ ಹೆಚ್ಚಿಸುತ್ತಾ ಹೋಗುವುದು. ಬಸ್ಸಿಗೆ ಯಾಕೆ ಹೋಗಲ್ಲ ಅಂದರೆ, 2024ರಲ್ಲಿ ಬೆಂಗಳೂರು–ಮೈಸೂರು ಬಸ್ಸಿನಲ್ಲಿ ನಾಲ್ಕು ಲವ್ ಬರ್ಡ್ಸ್‌ಗೆ 444 ರೂಪಾಯಿ ಟಿಕೆಟ್ ಹರಿದಿದ್ದು ನೆನಪಿದೆ ಅಲ್ವಾ? ನನ್ನ ಬುಟ್ಟಿ ಕಂಡರೆ ಕಂಡಕ್ಟರ್ ನನ್ನನ್ನು ಇಳಿಸಿ ಹಕ್ಕಿಗಳನ್ನು ಕೂರಿಸಿಕೊಂಡಾನು.

ಈಗ ಹೋದ ರವಿವಾರದ ರೇಸಿಗೆ ಬರುತ್ತೇನೆ. ನಾವು ನಾಲ್ಕಾರು ಗೆಳೆಯರು ಸೇರಿ ನಡೆಸುವ ರೇಸು, ಕೊಪ್ಪಳದಿಂದ. ಹಕ್ಕಿಯ ದಾರಿ ನೇರ ಗೆರೆ, ಸುಮಾರು 110 ಕಿಲೋಮೀಟರ್. ಒಬ್ಬೊಬ್ಬರ ಮನೆ ಒಂದೊಂದು ದೂರದಲ್ಲಿ ಇರುವುದರಿಂದ ಮೊದಲು ಬಂದದ್ದು ಗೆದ್ದಿತು ಅನ್ನುವ ಹಾಗಿಲ್ಲ. ದೂರವನ್ನು ಸಮಯದಿಂದ ಭಾಗಿಸಿ, ನಿಮಿಷಕ್ಕೆ ಎಷ್ಟು ಮೀಟರ್ ಅಂತ ನೋಡಬೇಕು. ಸಮಯ ನಿಲ್ಲುವುದು ಹಕ್ಕಿ ಆಕಾಶದಲ್ಲಿ ಕಂಡಾಗ ಅಲ್ಲ. ಅದು ಗೂಡಿಗೆ ಹೊಕ್ಕು, ಕಾಲಿನ ರಬ್ಬರ್ ಉಂಗುರದ ನಂಬರು ಫೋಟೋ ತೆಗೆದು ಗ್ರೂಪಿಗೆ ಹಾಕಿದಾಗ.

ಬೆಳಿಗ್ಗೆ 7ಕ್ಕೆ ಬಿಟ್ಟರು. 8 ಗಂಟೆ 40 ನಿಮಿಷಕ್ಕೆ ಸರದಾರ ನಮ್ಮ ಓಣಿಯ ಮೇಲೆ! ನಿಮಿಷಕ್ಕೆ 1100 ಮೀಟರ್. ಒಂಟಿಯಾಗಿ, ನೆಟ್ಟಗೆ, ರೆಕ್ಕೆ ಬಿಗಿಹಿಡಿದು ಬಂದ. ನನ್ನ ಕಣ್ಣಲ್ಲಿ ನೀರು. ಒಂದು ಸುತ್ತು ಹಾಕಿದ. ಅಜ್ಜಿಯ ಪ್ಯಾರಾಪೆಟ್ ಮೇಲೆ ಕೂತ.

ಡಬ್ಬಿ ಗಲಗಲ ಅನ್ನಿಸಿದೆ. ತಲೆ ವಾರೆ ಮಾಡಿ ನನ್ನನ್ನು ನೋಡಿದ. ಮತ್ತೆ ಅನ್ನಿಸಿದೆ. ಪುಕ್ಕ ಸರಿಮಾಡಿಕೊಂಡ. ಸದ್ದಿಗೆ ಅಜ್ಜಿ ಮೇಲೆ ಬಂದರು.

"ಎಲ್ಲಿಂದ ಬಂತಿದು?"

"ಕೊಪ್ಪಳದಿಂದ್ರೀ ಅಜ್ಜಿ. ಸುಮ್ನ ಇರ್ರಿ, ಅದನ್ನ ಈ ಕಡೆ ಕಳಸ್ರಿ."

"ಕೊಪ್ಪಳದಿಂದ ಒಂದ ಬಂತ?" ಅಜ್ಜಿ ಎದೆ ಮೇಲೆ ಕೈ ಇಟ್ಟುಕೊಂಡರು. ಗವಿಮಠದ ಜಾತ್ರೆಗೆ ಕೊಪ್ಪಳಕ್ಕೆ ಹೋದಾಗ ಬಸ್ಸಿನಲ್ಲಿ ತಮ್ಮ ಕಾಲು ಬಾತದ್ದು, ಗದಗಿನಲ್ಲಿ ಬಸ್ಸು ನಿಂತೇ ನಿಂತದ್ದು, ಪಕ್ಕದಲ್ಲಿ ಕೂತಾಕೆ ವಾಂತಿ ಮಾಡಿಕೊಂಡದ್ದು, ಎಲ್ಲವನ್ನೂ ಸರದಾರನಿಗೆ ಹೇಳಿದರು. ಅವನು ಕೇಳಿದ. ಅಜ್ಜಿ ಒಂದು ತಪೇಲಿ ನೀರು ತಂದಿಟ್ಟರು. ಪಾರಿವಾಳ ಕೋಳಿಯ ಹಾಗೆ ತಲೆ ಎತ್ತಿ ಎತ್ತಿ ನೀರು ನುಂಗುವುದಿಲ್ಲ. ಕೊಕ್ಕು ಮುಳುಗಿಸಿ ಒಂದೇ ದಮ್ಮಿಗೆ ಹೀರುತ್ತದೆ. ಇದರಿಂದ ಸಮಯ ಉಳಿಯುತ್ತದೆ. ಉಳಿದ ಸಮಯದಲ್ಲಿ ಸರದಾರ ತಪೇಲಿಗೆ ಇಳಿದು ಸ್ನಾನ ಮಾಡಿದ.

ನಾನು ಆ ಮಾಳಿಗೆಗೆ ಜಿಗಿಯುವ ಹಾಗಿಲ್ಲ. ಹತ್ತಿರ ಹೋದರೆ ಇನ್ನೆಲ್ಲಿ ಹಾರಿ ಕೂರುತ್ತಾನೋ. ಕೂಗುವ ಹಾಗೂ ಇಲ್ಲ. ಕಿಸೆಯಲ್ಲಿ ಫೋನು ಟಿಂಗ್ ಅಂದಿತು. ಕೇಶ್ವಾಪುರದ ಗೆಳೆಯನ ಉಂಗುರದ ಫೋಟೋ. ಇನ್ನೊಂದು ಟಿಂಗ್, ವಿದ್ಯಾನಗರ. ಮತ್ತೊಂದು ನವನಗರದ್ದು. ಆ ಹಕ್ಕಿಯೋ, ಕಳೆದ ತಿಂಗಳು ಗದಗಿನಿಂದ ಮರುದಿನ ಬಂದ ಗಿರಾಕಿ! ಸರದಾರ ಬಿಸಿಲಿಗೆ ಒಂದು ರೆಕ್ಕೆ ಚಾಚಿ ಒಣಗಿಸಿದ. ಆಮೇಲೆ ಇನ್ನೊಂದು. ಅಜ್ಜಿ ಅವಲಕ್ಕಿ ತಂದರು. "ಅಜ್ಜೀ, ನಿಮ್ಮ ಕಾಲಿಗೆ ಬೀಳ್ತೀನ್ರಿ" ಅಂದೆ. "ದಣದು ಬಂದೈತಿ. ಅದೇನು ನಿನ್ನ ಪಗಾರಕ್ಕ ಬಂದೈತೇನು? ಉಂಡು ಬರ್ತೈತಿ ತಡಿ" ಅಂದರು.

ಉಂಡು ಬಂದ. ಗಂಟೆ 9. ನಿಮಿಷಕ್ಕೆ 916 ಮೀಟರ್. ಗ್ರೂಪಿನಲ್ಲಿ ಒಬ್ಬ ಕೇಳಿದ, "ಏನೋ, ನಿನ್ನ ಹಕ್ಕಿ ಅಣ್ಣಿಗೇರಿಯೊಳಗ ಚಹಾಕ್ಕ ನಿಂತಿತ್ತೇನು?"

ಅಜ್ಜಿಯ ಮೇಲೆ ಪೂರ್ತಿ ಸಿಟ್ಟು ಮಾಡುವುದಕ್ಕೂ ಆಗುವುದಿಲ್ಲ, ಅದೇ ತೊಂದರೆ. ಈ ಹವ್ಯಾಸದಲ್ಲಿ ಬಾರದೇ ಹೋಗುವ ಹಕ್ಕಿಗಳೂ ಇವೆ. ಬೈರಿ ಹೊಡೆಯುತ್ತದೆ, ತಂತಿಗೆ ಸಿಗುತ್ತದೆ, ಎಲ್ಲೋ ದಾರಿ ತಪ್ಪುತ್ತದೆ. ಒಂದು ಕಪ್ಪು ಹೆಣ್ಣು ಅಣ್ಣಿಗೇರಿಯಿಂದ ಬರಲಿಲ್ಲ. ನಮ್ಮ ಮನೆಯವರು ಸಂಜೆಗೇ ಮರೆತರು. ಗೆಳೆಯರು "ಹೋಗ್ಲಿ ಬಿಡೋ, ನಾ ಒಂದು ಜೋಡಿ ಕೊಡ್ತೀನಿ" ಅಂದರು. ಕತ್ತಲಾದ ಮೇಲೂ ಆ ಕಡೆಯ ಮಾಳಿಗೆಯಿಂದ "ಕರೀದು ಬಂತೇನಪಾ?" ಅಂತ ಕೇಳಿದ್ದು ಅವರೊಬ್ಬರೇ. ಆಮೇಲೂ ಬಹಳ ದಿನ ಕೇಳುತ್ತಿದ್ದರು. ಈಗ ಕೇಳುವುದಿಲ್ಲ. ನಾನೂ ಹೇಳುವುದಿಲ್ಲ.

ಆದರೆ ರೇಸು ರೇಸೇ. ಹೇಗೂ ಹಕ್ಕಿ ಅಲ್ಲೇ ಇಳಿಯುತ್ತದೆ, ಗೂಡಿನ ಬಾಗಿಲನ್ನೇ ಅಜ್ಜಿಯ ಮಾಳಿಗೆಗೆ ಸಾಗಿಸಿಬಿಡೋಣ ಅಂತ ಈಗ ನಿರ್ಧಾರ ಮಾಡಿದ್ದೇನೆ. ಗೆಳೆಯರು ತಕರಾರು ತೆಗೆದಿದ್ದಾರೆ. ಅಜ್ಜಿಯ ಮನೆ ನಮ್ಮ ಮನೆಗಿಂತ ಪೂರ್ವಕ್ಕಿದೆ, ಅಂದರೆ ಕೊಪ್ಪಳಕ್ಕೆ ಒಂದು ಗೋಡೆಯಷ್ಟು ಹತ್ತಿರ, ದೂರವನ್ನು ಹೊಸದಾಗಿ ಅಳೆಯಬೇಕಂತೆ. ಅಳೆಯಿರಪ್ಪಾ ಅಂದೆ.

ಅಜ್ಜಿ ಬಾಡಿಗೆ ಬೇಡ ಅಂದರು. ಎರಡೇ ಷರತ್ತು. ಸರದಾರನ ಹೆಂಡತಿಯೂ ಜೊತೆಗೇ ಇರಬೇಕು. ಎರಡು ಹೊತ್ತು ಹೊಟ್ಟೆ ತುಂಬ ಹಾಕಬೇಕು. ಮೊದಲನೆಯದಕ್ಕೆ ಒಪ್ಪಿದೆ. ಎರಡನೆಯದಕ್ಕೆ, ಹಾರಿ ಬಂದ ಮೇಲೆ ಮಾತ್ರ, ಅದೂ ಬಾರ್ಲಿ ಮಾತ್ರ ಅಂತ ನಾನು ಪಟ್ಟು ಹಿಡಿದಿದ್ದೇನೆ. ಮಾತುಕತೆ ಅಲ್ಲೇ ನಿಂತಿದೆ. ಬಾರ್ಲಿಯನ್ನು ಊಟ ಅಂತ ಅಜ್ಜಿ ಒಪ್ಪುತ್ತಿಲ್ಲ. ಅದು ಜ್ವರ ಬಂದವರಿಗೆ ಕುದಿಸಿ ಕೊಡೋದು ಅಂತಾರೆ.